ಒಂದು ಜೋಳದ ಕಾಳಿನಷ್ಟು

ಆಗಿನ ಕಾಲ ಚಿನ್ನದಂಥದ್ದು ಅಂತ ಬರೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಮ್ಮೂರು ಬಿಳಿಚೋಡಿನ ಆಗಿನ ಕಾಲವನ್ನು ನಾನೂ ಉಂಡವಳೇ. ಬಿಸಿಲು, ಧೂಳು, ಕೀಲೆಣ್ಣೆ ನಾತ. ನಮ್ಮಪ್ಪ ಬಂಡಿ ಗಾಲಿ ಮಾಡುವ ಬಡಗಿ. ಗಾಲಿ ಇದ್ದ ಮೇಲೆ ಬಂಡಿಯಾದರೇನು, ಕಾರಾದರೇನು ಅನ್ನುವ ಧಿಮಾಕು ಅವನಿಗೆ.

ಒಂದು ವರ್ಷ ಸುಗ್ಗಿ ಮುಗಿದ ಮೇಲೆ ಜಗಳೂರಿನ ಒಬ್ಬ ಸಾವ್ಕಾರ ತನ್ನ ಕಾರು ತಂದು ನಮ್ಮ ಬೇವಿನ ಮರದ ಕೆಳಗೆ ನಿಲ್ಲಿಸಿದ. ಆಗಲೇ ಅದು ಮುದಿ ಕಾರು, ಬ್ರಿಟಿಷರ ಕಾಲದ್ದು. ದೀಪ ಎರಡೂ ಕಪ್ಪೆ ಕಣ್ಣಿನ ಹಂಗೆ ಹೊರಗೆ ಬಂದಿದ್ದವು. ಸ್ಟೇರಿಂಗು ಕಾಲು ಸುತ್ತು ತಿರುಗಿಸಿದರೂ ಗಾಲಿಗೆ ಸುದ್ದಿ ಮುಟ್ಟುತ್ತಿರಲಿಲ್ಲ.

"ನಮ್ ತಮ್ಮನ ಮದುವೆ ಐತೆ. ಮದುಮಗನ್ನ ಇದ್ರಾಗೇ ಚನ್ನಗಿರಿಗೆ ಕರ್ಕಂಡ್ ಹೋಗ್ಬೇಕು. ಸೀದಾ ಹೋಗಂಗೆ ಮಾಡು. ಆಗಲ್ಲಂದ್ರೆ ಈಗ್ಲೇ ಹೇಳು, ದಾವಣಗೆರೆಗೆ ಒಯ್ತೀನಿ," ಅಂದ ಸಾವ್ಕಾರ.

"ಎತ್ತು ಅಡ್ಡಾದಿಡ್ಡಿ ಎಳೆದ್ರೂ ನಾ ಮಾಡಿದ್ ಗಾಲಿ ಸೀದಾ ಹೋಗ್ತಾವೆ. ಇದೇನ್ ಬಿಡ್ರಿ," ಅಂದ ಅಪ್ಪ.

ಸ್ಟೇರಿಂಗಿನ ಕೀಲುಗಳು ಸವೆದಿದ್ದವು. ಅಪ್ಪ ಹಿತ್ತಾಳೆ ಬಳೆ ಕಡೆಸಿ ತಂದು ಕೂರಿಸಿದ. ಸಂದಿಯೊಳಗೆ ಗ್ರೀಸು ತುಂಬಾಕೆ ನನ್ನ ಸಣ್ಣ ಕೈಯೇ ಬೇಕು. ಓಣಿಯ ಹುಡುಗಿಯರಿಗೆ ಕುಂಟಾಬಿಲ್ಲೆ ಆಟ, ನನಗೆ ಸ್ಟೇರಿಂಗಿನ ಆಟ. "ಆಟ ಎಷ್ಟೈತೆ ನೋಡೇ ಗಂಗಿ" ಅಂತ ಅಪ್ಪ ಕಾರಿನ ಅಡಿಯಿಂದ ಕೂಗುವನು. ನಾನು ಸ್ಟೇರಿಂಗು ಅಲ್ಲಾಡಿಸಿ, ಗಾಲಿ ಮಿಸುಕುವ ತನಕ ಅದು ಎಷ್ಟು ಸುಮ್ಮನೆ ತಿರುಗುತ್ತದೆ ಅಂತ ಬೆರಳಲ್ಲಿ ಅಳೆದು "ನಾಕ್ ಬೆಳ್ಳು" ಅನ್ನುವೆನು. ಮಾರನೇ ದಿನ ಎರಡು ಬೆರಳು. ಒಂದೇ ಬೆರಳಿಗೆ ಇಳಿದ ದಿನ ಅಪ್ಪ, "ಟ್ರಯಲ್ಲಿಗೆ ನೀನೂ ಕೂರೇ" ಅಂದ. ಸೀಗೆಪುಡಿ ಹಾಕಿ ಕೈ ತಿಕ್ಕಿದ್ದೇ ತಿಕ್ಕಿದ್ದು. ಮಸಿ ಹೋಗಲಿಲ್ಲ.

ಸಾವ್ಕಾರ ತನ್ನ ಮಗಳನ್ನು ಕರಕೊಂಡು ಬಂದ. ನನ್ನಷ್ಟೇ ವಯಸ್ಸಿನವಳು, ಕೈಯಲ್ಲಿ ಮಂಡಕ್ಕಿ ಪೊಟ್ಟಣ. ನಾನು ಅವಳ ಪಕ್ಕ ಹತ್ತಿ ಕೂತೆ.

"ಅಪ್ಪಾಜಿ, ಇವ್ಳು ಸೀಟಿಗೆಲ್ಲ ಎಣ್ಣೆ ಹಚ್ತಾಳೆ."

"ಏ ಮಸಿಮೋತಿ, ಇಳಿ ಕೆಳಗೆ!" ಅಂದ ಸಾವ್ಕಾರ.

ನಾನು ಅಪ್ಪನ ಮುಖ ನೋಡಿದೆ. ಈ ಕೆಲಸದಲ್ಲಿ ನನ್ನ ಮಗಳ ಕೈಯೂ ಐತೆ ಅಂತ ಅವನು ಒಂದು ಮಾತು ಹೇಳಬಹುದಿತ್ತು. ಹಲ್ಲು ಕಿರಿದ. "ಇಳಿಯವ್ವ, ಸೀಟು ಹೊಲಸಾಗ್ತೈತೆ" ಅಂದ. ಸಾವ್ಕಾರನ ಮಾತು ಧೂಳಿದ್ದಂಗೆ, ಒದರಿದರೆ ಹೋಗುತ್ತದೆ. ಅಪ್ಪನ ನಗು ಹೋಗಲಿಲ್ಲ.

ಒಂದು ಸುತ್ತು ಹೋಗಿ ಬಂದರು. "ಇನ್ನೊಸಿ ಅಲ್ಲಾಡ್ತೈತೆ ಕಣಯ್ಯಾ" ಅಂದ ಸಾವ್ಕಾರ. ಅಪ್ಪ ದಾರ ತಕ್ಕೊಂಡು ಮತ್ತೆ ಕಾರಿನ ಅಡಿ ಮಲಗಿದ.

ಆ ಅಳತೆ ಹೀಗೆ: ಮುಂದಿನ ಎರಡೂ ಗಾಲಿಗೆ ಸೀಮೆಸುಣ್ಣದ ಗೆರೆ ಎಳೆದು, ಗೆರೆಯಿಂದ ಗೆರೆಗೆ ದಾರ ಹಿಡಿಯಬೇಕು. ಗಾಲಿಗಳ ಹಿಂಬದಿಯ ಅಂತರಕ್ಕಿಂತ ಮುಂಬದಿಯ ಅಂತರ ಒಂದು ಜೋಳದ ಕಾಳಿನಷ್ಟು ಕಮ್ಮಿ ಇರಬೇಕು. ಗಾಲಿಗಳು ಮೂತಿ ಅಷ್ಟು ಒಳಗೆ ಮಾಡಿದ್ದರೆ ಕಾರು ಸೀದಾ ಹೋಗುತ್ತದೆ. ಹೊರಗೆ ಮಾಡಿದರೆ ಕುಡುಕನ ಹಂಗೆ ಅಲೆಯುತ್ತದೆ. ದಾರದ ಒಂದು ತುದಿ ಅಪ್ಪನ ಕೈಯಲ್ಲಿ, ಅಳತೆಯ ಗಂಟಿದ್ದ ತುದಿ ನನ್ನ ಕೈಯಲ್ಲಿ. ಅಡಿಯಲ್ಲಿದ್ದವನಿಗೆ ಗಂಟು ಕಾಣದು. ನಾನು ಹೇಳಿದಷ್ಟೇ ಅವನು ತಿರುಗಿಸಬೇಕು.

"ಸಾಕೇನೇ?"

"ಇನ್ನೊಸಿ ಬಿಡು."

"ಸಾಕೇನೇ?"

"ಇನ್ನೊಸಿ."

ಮುಂಬದಿ ಕಮ್ಮಿಯಾಗುವ ಬದಲು ನಾಲ್ಕು ಕಾಳಿನಷ್ಟು ಅಗಲವಾಯಿತು. ನನ್ನ ಕಣ್ಣಾರೆ ನೋಡಿದೆ. "ಸಾಕಪ್ಪ" ಅಂದೆ. ಅಪ್ಪ ನಟ್ಟು ಬಿಗಿ ಮಾಡಿದ.

ಸಾವ್ಕಾರ ಮಗಳನ್ನು ಕೂರಿಸಿಕೊಂಡು ಹೊರಟ. ಕೆರೆ ಏರಿಯ ತಿರುವಿನಲ್ಲಿ ಕಾರು ದಾರಿ ಬಿಟ್ಟು ಕತ್ತಾಳೆ ಬೇಲಿಗೆ ನುಗ್ಗಿತು. ಯಾರೂ ಸಾಯಲಿಲ್ಲ. ಒಂದು ದೀಪ ಒಡೆಯಿತು, ಹುಡುಗಿಯ ಹಣೆ ತರಚಿತು. ಸಾವ್ಕಾರ ಮೊಣಕಾಲ ತನಕ ಧೂಳು ಮಾಡಿಕೊಂಡು ನಡೆದು ಬಂದ. ಓಣಿಯೆಲ್ಲ ನೋಡುತ್ತಿದ್ದಂಗೆ ಅಪ್ಪನ ಕೆನ್ನೆಗೆ ಬಿಟ್ಟ.

"ಬಂಡಿ ಬಡಗಿ ಕೈಗೆ ಕಾರು ಕೊಟ್ನಲ್ಲ, ನನ್ ಬುದ್ಧಿಗಿಷ್ಟು! ಯಾವನಯ್ಯಾ ಅಳತೆ ನೋಡ್ದೋನು?"

ಅಪ್ಪ ದಾರ ಹಿಡಿದು ಕಾರಿನ ಹತ್ತಿರ ಹೋದ. ನಾನೂ ಹಿಂದೆ ಹೋದೆ. ಗೆರೆಗೆ ದಾರ ಇಟ್ಟ. ಗಂಟು ನೋಡಿದ, ನನ್ನ ನೋಡಿದ. "ನಂದೇ ಕಣ್ಣು ತಪ್ಪು, ಸಾವ್ಕಾರ್ರೆ" ಅಂದ.

ಪಾಪ ಅನ್ನಿಸಿತಾ ಅಂತ ಕೇಳಬೇಡಿ. ಏಟು ಬಿದ್ದಾಗ ಖುಷಿಯಾಯಿತು. ಅಪ್ಪನ ಈ ಮಾತು ಕೇಳಿದ ಮೇಲೆ ಆ ಖುಷಿ ಉಳಿಯಲಿಲ್ಲ, ಅಷ್ಟೇ.

ಅಪ್ಪ ಅಲ್ಲೇ ಮಣ್ಣಲ್ಲಿ ಮಲಗಿ ಅಳತೆ ಸರಿ ಮಾಡಿದ. ದಾರದ ಇನ್ನೊಂದು ತುದಿಯನ್ನು ನನಗೆ ಕೊಡಲಿಲ್ಲ. ಒಂದು ಗೂಟ ಹೊಡೆದು ಅದಕ್ಕೆ ಕಟ್ಟಿದ. ಒಂದು ಸಲ ತಿರುಗಿಸುವನು, ಎದ್ದು ಬಂದು ನೋಡುವನು, ಮತ್ತೆ ಮಲಗುವನು. ಮದುಮಗ ಸೀದಾ ಚನ್ನಗಿರಿಗೆ ಹೋದ. ಆದರೆ ಆಮೇಲೆ ನಮ್ಮ ಬೇವಿನ ಮರದ ಕೆಳಗೆ ಯಾವ ಕಾರೂ ಬಂದು ನಿಲ್ಲಲಿಲ್ಲ. ಅಪ್ಪ ನನಗೆ ಬೈಯಲಿಲ್ಲ, ಹೊಡೆಯಲಿಲ್ಲ. ಸಾಯುವ ತನಕ ಬಂಡಿ ಅಳತೆಗೂ ಗೂಟವೇ.

ಮೊನ್ನೆ ಆ ಸಾವ್ಕಾರನ ಮೊಮ್ಮಗ ಅದೇ ಕಾರನ್ನು ಬಿಳಿಚೋಡಿಗೆ ತಂದಿದ್ದ. ಫಳಫಳ ಬಣ್ಣ. ಒಳಗೆ ಕರೆಂಟಿನ ಸ್ಟೇರಿಂಗು ಹಾಕಿಸಿದ್ದಾನಂತೆ. "ಕೂತ್ಕೊಂಡು ನೋಡಜ್ಜಿ, ಒಂದ್ ಬೆಳ್ಳಾಗೆ ತಿರುಗ್ತೈತೆ" ಅಂತ ಬಾಗಿಲು ತೆಗೆದ. ತೆಗೆದವನು ಮೊದಲು ಸೀಟಿನ ಮೇಲೆ ಟವೆಲ್ ಹಾಸಿದ. ನಾನು ಹತ್ತಲಿಲ್ಲ.

"ಗಾಲಿ ಅಳತೆ ಯಾರು ನೋಡಿದ್ರು?" ಅಂದೆ.

"ಕಂಪ್ಯೂಟರ್ ಅಜ್ಜಿ. ಅದು ಸುಳ್ಳು ಹೇಳಲ್ಲ."

"ಯಾಕ್ ಹೇಳ್ತೈತೆ? ಅದನ್ನ ಯಾರೂ ಸೀಟಿಂದ ಇಳಿಸಿಲ್ಲ."

ಅವನಿಗೆ ತಿಳಿಯಲಿಲ್ಲ, ನಕ್ಕ. ತಿಳಿಸುವ ದರ್ದು ನನಗಿಲ್ಲ. ಕಾರು ಹೋಗಿಲ್ಲ, ಕಣ್ಣ ಮುಂದೆಯೇ ಇದೆ. ಬಂಡಿಗಳು ಹೋದವು, ಹೋಗಲಿ. ಹೋದದ್ದು ಒಂದೇ, ಕೆಳಗಿನಿಂದ "ಸಾಕೇನೇ?" ಅಂತ ಕೇಳುವ ದನಿ. ಆ ದಿನದ ಮೇಲೆ ನನ್ನ ಮಾತು ನಂಬಿ ಯಾರೂ ಒಂದು ನಟ್ಟು ಬಿಗಿ ಮಾಡಲಿಲ್ಲ.