ಅಟ್ಟದ ಕೆಳಗಿನ ಹೊಗೆ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು ನಾನು. ಕರಿಹಲಗೆಯ ಮೇಲೆ ಇಂಜಿನ್ನಿನ ಚಿತ್ರವನ್ನು ಕಣ್ಣು ಮುಚ್ಚಿಕೊಂಡು ಬರೆಯುತ್ತಿದ್ದೆ. ಅಂಥವನು ಹಳೇ ಡೀಸೆಲ್ ಕಾರು ಕೊಳ್ಳಲು ಹೋಗುವಾಗ ಮೆಕ್ಯಾನಿಕ್ಕನನ್ನು ಜೊತೆಗೆ ಕರೆದುಕೊಂಡು ಹೋಗುವುದೇ? ಮರ್ಯಾದೆ ಏನಾಗಬೇಕು! ಬಾನೆಟ್ಟಿಗೆ ಕಿವಿಯಿಟ್ಟು ಕೇಳಿದೆ. ತಿಪಟೂರು ಸೀಮೆಯವರಿಗೆ ಕಿವಿಯೇ ಕಣ್ಣು. ಒಣಗಿದ ಕಾಯನ್ನು ಅಲ್ಲಾಡಿಸಿಯೇ ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳಿಬಿಡುತ್ತೇವೆ. "ಇಂಜಿನ್ ಗಟ್ಟಿಯಾಗಿದೆ" ಎಂದು ನಾನೇ ತೀರ್ಪು ಕೊಟ್ಟುಕೊಂಡು ಕಾರನ್ನು ಹೊನ್ನವಳ್ಳಿಗೆ ತಂದೆ.

ನಿಲ್ಲಿಸಿದ್ದು ಹಿತ್ತಿಲಿನ ಕಾಯಿಮನೆಯಲ್ಲಿ, ಅಟ್ಟದ ಕೆಳಗೆ. ಅಟ್ಟದ ಮೇಲೆ ಹೋದ ವರ್ಷದಿಂದ ಕಾಯಿ ಒಣಗುತ್ತಿತ್ತು. ಅದರಲ್ಲಿ ಒಂದು ಮೂಲೆಯನ್ನು ಹೆಂಡತಿ ಹಳೆಯ ಸೀರೆ ಅಡ್ಡ ಕಟ್ಟಿ ಬೇರೆ ಮಾಡಿದ್ದಳು. ಮಗಳು ಹುಟ್ಟಿದ ವರ್ಷ ಅವಳೇ ನೆಟ್ಟ ಮರದ ಕಾಯಿ ಅವು. ವೈಶಾಖದಲ್ಲಿ ಮಗಳ ಮದುವೆ. ಮಡಿಲಕ್ಕಿಗೆ ಹಾಕುವ ಕೊಬ್ಬರಿ ಆ ಮರದ್ದೇ ಆಗಬೇಕೆಂದು ಅವಳ ಹಟ.

"ಅಲ್ಲಿ ಬ್ಯಾಡ ಕಣ್ರೀ, ಕಾಯಿಗೆ ಹೊಗೆ ಹತ್ತತದೆ," ಎಂದಳು.

"ಹೊಗೆ ಒಳ್ಳೇದು ಕಣೇ. ನಮ್ಮವ್ವನ ಕಾಲದಲ್ಲಿ ಒಲೆ ಮೇಲೇ ಅಟ್ಟ ಇರ್ಲಿಲ್ವಾ? ಹೊಗೆ ಬಿದ್ರೆ ಹುಳ ಹತ್ತಲ್ಲ."

ಇದಕ್ಕೆ ಹೊಗೆಯಲ್ಲಿರುವ ರಾಸಾಯನಿಕಗಳ ಬಗ್ಗೆ ಕಾಲು ಗಂಟೆ ಪಾಠವನ್ನೂ ಸೇರಿಸಿದೆ. ಅವಳು ಪಾಠದ ಮಧ್ಯೆಯೇ ಎದ್ದು ಹೋದಳು. ನನ್ನ ಹಳೆಯ ವಿದ್ಯಾರ್ಥಿಗಳಿಗೆ ಆ ಸ್ವಾತಂತ್ರ್ಯ ಇರಲಿಲ್ಲ, ಪಾಪ.

ದಿನಾ ಬೆಳಿಗ್ಗೆ ಹತ್ತು ನಿಮಿಷ ಇಂಜಿನ್ ಬಿಸಿ ಮಾಡುತ್ತಿದ್ದೆ. ಹಿಂದಿನಿಂದ ಬೆಳ್ಳನೆಯ ಹೊಗೆ ದಟ್ಟವಾಗಿ ಎದ್ದು ಅಟ್ಟಕ್ಕೆ ಏರುತ್ತಿತ್ತು. ಕೇಳಿದವರಿಗೆಲ್ಲ "ಚಳಿಗೆ ಹಂಗೇ" ಎನ್ನುತ್ತಿದ್ದೆ. ರೇಡಿಯೇಟರಿನಲ್ಲಿ ನೀರು ದಿನಾ ಕಡಿಮೆಯಾಗುತ್ತಿತ್ತು, ನೆಲದ ಮೇಲೆ ಒಂದು ಹನಿಯೂ ಇರುತ್ತಿರಲಿಲ್ಲ. ಹೋದ ನೀರು ಎಲ್ಲಿಗೆ ಹೋಯಿತು ಎಂದು ಏಳನೇ ಕ್ಲಾಸಿನ ಹುಡುಗನಾದರೂ ಕೇಳುತ್ತಿದ್ದ. ನಾನು ಬಿಂದಿಗೆ ತಂದು ತುಂಬಿಸುತ್ತಿದ್ದೆ, ಅಷ್ಟೆ.

ಯುಗಾದಿ ಹತ್ತಿರ ಬಂತು. ಒಂದು ಬೆಳಿಗ್ಗೆ ಹೆಂಡತಿ ಕೆಮ್ಮುತ್ತಾ ಅಟ್ಟದಿಂದ ಇಳಿದಳು.

"ಶಿವರಾತ್ರಿ ಕಳೀತು, ಚಳಿ ಶಿವಶಿವಾ ಅಂತ ಹೋಯ್ತು. ನಿಮ್ ಕಾರಿಗೆ ಮಾತ್ರ ಇನ್ನೂ ಚಳೀನಾ? ಕಾಯಿ ಸಿಪ್ಪೆಯೆಲ್ಲ ನಾತ ಹೊಡೀತಾ ಐತೆ ಕಣ್ರೀ!"

ನನಗೆ ಸಿಟ್ಟು ಬಂತು. ನಿಜ ಹೇಳಿದವರ ಮೇಲೆ ನನಗೆ ಬೇಗ ಸಿಟ್ಟು ಬರುತ್ತದೆ. ಅವಳು ತಿಪಟೂರಿನ ಮೆಕ್ಯಾನಿಕ್ಕಿಗೆ ತಾನೇ ಫೋನ್ ಮಾಡಿದಳು.

ಆತ ಬಂದವನು ಬಾನೆಟ್ಟಿಗೆ ಕಿವಿ ಇಡಲಿಲ್ಲ. ಆಯಿಲ್ ನೋಡುವ ಕಡ್ಡಿಯನ್ನು ಎಳೆದು ನನ್ನ ಮೂಗಿನ ಮುಂದೆ ಹಿಡಿದ. ಕಡ್ಡಿಯ ತುಂಬ ಹಾಲು ಹೆಚ್ಚಾದ ಕಾಫಿಯ ಬಣ್ಣ. ಆಯಿಲ್ ಹಾಕುವ ಮುಚ್ಚಳ ತಿರುಗಿಸಿದರೆ ಅದರ ಒಳಗೆ ಕೆನೆ.

"ನೀಲಿ ಹೊಗೆ ಬಂದ್ರೆ ಆಯಿಲ್ ಉರೀತೈತೆ, ಕರಿ ಹೊಗೆ ಬಂದ್ರೆ ಡೀಸೆಲ್ ಜಾಸ್ತಿ ಆಗೈತೆ ಅಂತ ಮೇಷ್ಟ್ರೇ. ಬಿಸಿ ಆದ್ಮೇಲೂ ಬಿಳಿ ಹೊಗೆ ನಿಲ್ಲಲಿಲ್ಲ ಅಂದ್ರೆ ನೀರು ಒಳೀಕೆ ಇಳೀತೈತೆ. ಹೆಡ್ ಗ್ಯಾಸ್ಕೆಟ್ ಹೋಗೈತೆ. ಆಯಿಲ್‌ಗೂ ನೀರು ಸೇರ್ಕಂಡೈತೆ."

"ಸೌಂಡ್ ಚೆನ್ನಾಗೇ ಇತ್ತಲ್ಲಪ್ಪ," ಎಂದೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ.

"ಸೌಂಡ್ ಕೇಳಕ್ಕೆ ಇದೇನು ಕಾಯಾ ಮೇಷ್ಟ್ರೇ?"

ಹೆಂಡತಿ ಇಂಜಿನ್ನಿನ ಕಡೆ ನೋಡಲೇ ಇಲ್ಲ. "ಈ ಹೊಗೆ ಕಾಯೊಳಕ್ಕೆ ಇಳೀತದೇನಪ್ಪ? ಮಗಳ ಮಡ್ಲಿಗೆ ಹಾಕೋದು," ಎಂದು ಕೇಳಿದಳು. ಆತ ಅಟ್ಟವನ್ನು ನೋಡಿ, "ಒಡೆದೇ ನೋಡ್ಬೇಕು ಕಣವ್ವ," ಎಂದ. ಕಾರು ಹಾಳಾಗಿ ಹೋಗಲಿ, ಆ ಮೂಲೆಯ ಕಾಯಿಗಳನ್ನು ಮತ್ತೆ ಎಲ್ಲಿಂದ ತರಲಿ?

ಕಾರನ್ನು ಹಗ್ಗ ಕಟ್ಟಿ ಎಳೆದುಕೊಂಡು ಹೋದ ಮೇಲೆ ಅವಳು ಅಟ್ಟದ ಸೀರೆಯ ಹಿಂದಿನಿಂದ ಒಂದು ಕಾಯಿ ತಂದಳು. ನಾನು ಕೈ ಚಾಚಿದೆ, ಕೊಡಲಿಲ್ಲ. ತಾನೇ ಸುಲಿದಳು, ಮಚ್ಚಿನ ಬೆನ್ನಿನಿಂದ ಚಿಪ್ಪು ಒಡೆದಳು. ಉಂಡೆ ಕೊಬ್ಬರಿ ಇಡಿಯಾಗಿ ಉರುಳಿತು. ಮೂಗಿಗೆ ಹಿಡಿದು ಬಹಳ ಹೊತ್ತು ಮೂಸಿದಳು. ಎರಡು ಗಿಟುಕು ಮಾಡಿದಳು. ಒಳಗೆಲ್ಲ ಬೆಳ್ಳಗೆ. ಒಂದು ಚೂರು ಮುರಿದು ನನ್ನ ಬಾಯಿಗೆ ಇಟ್ಟಳು. ಸಿಹಿ, ಬರೀ ಸಿಹಿ. ನನಗೆ ಅಳು ಬಂದುಬಿಟ್ಟಿತು.

"ಸದ್ಯ, ಕೆಟ್ಟಿಲ್ಲ ಕಣೇ! ಯಾಕೆ ಕೆಟ್ಟಿಲ್ಲ ಅಂದ್ರೆ, ಈ ಚಿಪ್ಪು ಐತಲ್ಲ, ಅದು..." ಎಂದು ಶುರು ಮಾಡಿದೆ.

"ಒಂದು ವರ್ಷ ಬಾಯಿ ಮುಚ್ಕೊಂಡು ಕೂತಿತ್ತು, ಅದಕ್ಕೇ ಕೆಟ್ಟಿಲ್ಲ," ಎಂದಳು. "ಮದುವೆ ಮುಗಿಯೋಗಂಟ ನೀವೂ ಒಸಿ ಹಂಗೇ ಇದ್ದುಬುಡಿ."

ಉಳಿದ ಚೂರನ್ನೂ ಬಾಯಿಗೆ ಹಾಕಿಕೊಂಡು ಅಟ್ಟದ ಕೆಳಗೆ ಕಸ ಗುಡಿಸಲು ಹೋದೆ.