ಕೊನೇ ಪಂಕ್ತಿಯವರು

ಬೀಗರೂಟದ ಎಲೆಗಳನ್ನು ಕಂಡರೆ ನನಗೆ ಹೇಸಿಗೆಯಾಗುತ್ತದೆ. ಬಾಡಿನ ಮೇಲೆ ಕೋಪವಿಲ್ಲ. ನಾನೂ ಮಂಡ್ಯದ ಒಕ್ಕಲು ಮನೆಯಲ್ಲಿ ಹುಟ್ಟಿದವಳು, ಬೋಟಿ ಗೊಜ್ಜನ್ನು ಬೆರಳು ಚೀಪಿಕೊಂಡು ತಿಂದು ಬೆಳೆದವಳು. ನನ್ನ ಹೇಸಿಗೆಯೆಲ್ಲ ಆ ಎಲೆಗಳ ಸರದಿಯ ಮೇಲೆ. ಮೊದಲ ಪಂಕ್ತಿ ಗಂಡಸರದ್ದು. ಎರಡನೆಯದೂ ಅವರದ್ದೇ, ಮೂಲೆಯಲ್ಲಿ ಜಾಗ ಉಳಿದರೆ ಬೀಗರ ಕಡೆಯ ಹೆಂಗಸರು. ನಸುಕಿಗೇ ಎದ್ದು ಮಸಾಲೆ ರುಬ್ಬಿದ ಮನೆಯ ಹೆಂಗಸರು ಎಲ್ಲರದೂ ಆದ ಮೇಲೆ ಪಾತ್ರೆ ಕೆರೆದು ಉಣ್ಣಬೇಕು. ಎಷ್ಟೋ ವರ್ಷ ನಾನೂ ಹಾಗೇ ಉಂಡೆ, ಏನೂ ಅನ್ನಿಸಿರಲಿಲ್ಲ. ಅನ್ನಿಸಿದ್ದು ನನ್ನ ಗೆಳತಿಯ ಮಗಳ ಬೀಗರೂಟದ ದಿನ.

ಆ ಗೆಳತಿ ಕೆರಗೋಡಿನ ಕಡೆಯವಳು. ನಮಗೆ ಪರಿಚಯವಾದದ್ದು ಮಂಡ್ಯದ ಒಂದು ರಕ್ತಪರೀಕ್ಷೆಯ ಲ್ಯಾಬಿನ ಮುಂದೆ. ಶುಗರ್ ಇರುವವರಿಗೆ ಈ ಕಷ್ಟ ಗೊತ್ತು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಸಲ ರಕ್ತ ಕೊಡಬೇಕು, ಆಮೇಲೆ ತಿಂಡಿ ತಿಂದು ಎರಡು ಗಂಟೆ ಬಿಟ್ಟು ಇನ್ನೊಂದು ಸಲ. ಆ ಎರಡು ಗಂಟೆ ಗಂಡಸರು ಹೋಟೆಲಿನಲ್ಲಿ ಪೇಪರ್ ಓದುತ್ತಾ ಕಳೆಯುತ್ತಾರೆ. ಹೆಂಗಸರಿಗೆ ಇದ್ದದ್ದು ಹೊಂಗೆ ಮರದ ಕೆಳಗಿನ ಒಂದು ಕಲ್ಲುಬೆಂಚು. ಅಲ್ಲಿ ಡಬ್ಬಿ ಬಿಚ್ಚಿ ಇಡ್ಲಿ ತಿನ್ನುತ್ತಾ ನಾವು ಮೂವರು ಹತ್ತಿರವಾದೆವು. ನಾನು ಮದ್ದೂರಿನಲ್ಲಿ ಹೈಸ್ಕೂಲ್ ಟೀಚರು, ಇನ್ನೊಬ್ಬಳು ಯಲಿಯೂರಿನಲ್ಲಿ ಬ್ಲೌಸು ಹೊಲಿಯುವವಳು, ಮೂರನೆಯವಳು ಈ ಕೆರಗೋಡಿನವಳು.

ಕೆರಗೋಡಿನವಳಿಗೆ ಆಗ ತಾನೇ ಇನ್ಸುಲಿನ್ ಶುರುವಾಗಿತ್ತು. ತಾನೇ ಚುಚ್ಚಿಕೊಳ್ಳಲು ಹೆದರುತ್ತಿದ್ದಳು. ಗಂಡನನ್ನು ಕೇಳಿದರೆ, "ನಂಗ್ ರಕ್ತ ಕಂಡ್ರೆ ಆಗಕ್ಕಿಲ್ಲ" ಅಂದನಂತೆ. ಹಬ್ಬಕ್ಕೆ ಮರಿ ಕುಯ್ಯುವಾಗ ಮುಂದೆ ನಿಲ್ಲುವವನು ಅವನೇ. ನಾನು ಒಂದು ಕಿತ್ತಳೆ ಹಣ್ಣಿಗೆ ಚುಚ್ಚಿಸಿ ಚುಚ್ಚಿಸಿ ಅವಳಿಗೆ ಅಭ್ಯಾಸ ಮಾಡಿಸಿದೆ. ಸಿರಿಂಜಿನ ಮೇಲಿನ ಸಣ್ಣ ಗೆರೆಗಳು ಅವಳಿಗೆ ಕಾಣುತ್ತಿರಲಿಲ್ಲ. ಯಲಿಯೂರಿನವಳು ತನ್ನ ಚೀಲದಿಂದ ಕೆಂಪು ಉಗುರುಬಣ್ಣ ತೆಗೆದು, ಎಲ್ಲಿಯವರೆಗೆ ಎಳೆಯಬೇಕೋ ಅಲ್ಲಿಗೆ ಒಂದು ಗೆರೆ ಹಾಕಿಕೊಟ್ಟಳು. ಪ್ರತಿ ತಿಂಗಳೂ ಹೊಸ ಸಿರಿಂಜುಗಳಿಗೆ ಗೆರೆ ಹಾಕುವುದು ಅವಳ ಕೆಲಸವಾಯಿತು. ಮನೆಯವರು ಮಾಡಬೇಕಾದದ್ದನ್ನು ಆ ಬೆಂಚು ಮಾಡುತ್ತಿತ್ತು.

ಹೀಗಿರುವಾಗ ಅವಳ ಮಗಳಿಗೆ ಮಳವಳ್ಳಿ ಕಡೆಯ ಒಂದು ಸಂಬಂಧ ಬಂತು. ಮನೆ ನೋಡುವ ಶಾಸ್ತ್ರಕ್ಕೆ ಹುಡುಗನ ತಂದೆ, ತಾಯಿ, ಸೋದರತ್ತೆ ಎಲ್ಲ ಬಂದರು. ಆ ಸೋದರತ್ತೆ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಬಾಗಿಲು ತೆಗೆದು ನೋಡಿದಳಂತೆ. ಗೆಳತಿ ಹಿಂದಿನ ದಿನವೇ ಇನ್ಸುಲಿನ್ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ, ಖಾಲಿ ಉಪ್ಪಿನಕಾಯಿ ಜಾಡಿಯೊಳಗೆ ಇಟ್ಟಿದ್ದಳು. ಸೋದರತ್ತೆ ಜಾಡಿಯನ್ನು ನೋಡಿ, ಬಾಗಿಲು ಹಾಕಿ, ಹೊರಗೆ ಬಂದು ಕೂತು ಮಾತು ತೆಗೆದಳು.

"ನಮ್ ವಂಸದಲ್ಲಿ ಬಿಪಿ ಸುಗರು ಅನ್ನೋದೇ ಇಲ್ಲ ಕಣವ್ವ. ಎಣ್ಣು ತರೋವಾಗ ಅದ್ನೆಲ್ಲಾ ನೋಡ್ಬೇಕು. ತಾಯಿಗಿದ್ರೆ ಮಗ್ಳಿಗ್ ಬರ್ದೆ ಇದ್ದದಾ."

"ನಮ್ಗೂ ಇಲ್ಲ ಕಣಕ್ಕ" ಅಂದಳು ಗೆಳತಿ. ಹುಡುಗನ ತಾಯಿ ಪಕ್ಕದಲ್ಲೇ ಸೆರಗಿನ ಅಂಚು ತಿರುಚುತ್ತಾ ಕೂತಿದ್ದರಂತೆ.

ಬೆಂಚಿನ ಮೇಲೆ ಇದನ್ನೆಲ್ಲ ಕೇಳಿ ನನಗೆ ಮೈ ಉರಿಯಿತು. ಹೆಣ್ಣು ನೋಡಲು ಬಂದವರು ಫ್ರಿಜ್ಜನ್ನೂ ನೋಡುತ್ತಾರೆ ಎಂದರೆ ಆ ಮನೆಗೆ ಮಗಳನ್ನು ಯಾಕೆ ಕೊಡಬೇಕು. ಆದರೆ ಹುಡುಗ ಒಳ್ಳೆಯವನು, ಮಗಳಿಗೂ ಇಷ್ಟವಾಗಿದ್ದ. ಮದುವೆಯಾಗಿ ಒಂದು ವರ್ಷ ಕಳೆಯಲಿ, ಆಮೇಲೆ ನಾನೇ ಹೇಳುತ್ತೇನೆ ಅಂದಳು ಗೆಳತಿ. ನಾವಿಬ್ಬರೂ ಹೂಂ ಅಂದೆವು. ಹೂಂ ಅನ್ನಲು ನನಗೇನೂ ಕಷ್ಟವಾಗಲಿಲ್ಲ. ಆರು ವರ್ಷದಿಂದ ನಾನೂ ಸ್ಟಾಫ್ ರೂಮಿನಲ್ಲಿ ಮಾತ್ರೆ ನುಂಗುವಾಗ ಗ್ಯಾಸ್ಟ್ರಿಕ್ ಎಂದೇ ಹೇಳಿಕೊಂಡು ಬಂದಿದ್ದವಳು.

ಮದುವೆ ಚೆನ್ನಾಗಿ ನಡೆಯಿತು. ಮುಂದಿನ ಭಾನುವಾರ ಹೆಣ್ಣಿನ ಮನೆಯಲ್ಲಿ ಬೀಗರೂಟ. ಮನೆ ಮುಂದೆ ಶಾಮಿಯಾನ, ಟೇಬಲ್ಲಿನ ಮೇಲೆ ಸುತ್ತು ಬಿಚ್ಚಿದ ಪೇಪರು, ಹಿಂದೆ ಕಬ್ಬಿನ ಗದ್ದೆಯ ಬದುವಿನಲ್ಲಿ ಆಗಲೇ ಬಾಟಲಿ ಬಿಚ್ಚಿ ಕೂತ ನಾಲ್ಕು ಜನ. ನಾನು ಬೆಳಿಗ್ಗೆಯೇ ಹೋಗಿದ್ದೆ. ಯಲಿಯೂರಿನವಳಿಗೆ ಹೊಲಿಗೆ ಮುಗಿದಿರಲಿಲ್ಲ, ಬರಲಿಲ್ಲ. ಬೀಗರು ಗಾಡಿ ಮಾಡಿಕೊಂಡು ಮದ್ದೂರಿನ ಮೇಲೆ ಬರುತ್ತಿದ್ದರು. ಒಂದು ಗಂಟೆಗೆ ಗೆಳತಿಯ ತಮ್ಮ ಫೋನ್ ಮಾಡಿ ಕೇಳಿದ. ಆ ಕಡೆಯಿಂದ ಯಾರೋ, "ಮಂಡ್ಯಕ್ ಬಂದ್ಬುಟ್ವಿ, ಇನ್ನರ್ಧ ಗಂಟೆ, ಎಲೆ ಆಕ್ಸಿ" ಅಂದರು.

ಗೆಳತಿ ನನ್ನ ಮುಖ ನೋಡಿದಳು. ಬೀಗರು ಮನೆ ತುಂಬಿದ ಮೇಲೆ ಸೂಜಿ ಹಾಕಿಕೊಳ್ಳಲು ಮರೆ ಸಿಗುವುದಿಲ್ಲ. ಬಚ್ಚಲಿಗೆ ಹೋಗಿ ಕೆಂಪು ಗೆರೆಯವರೆಗೆ ಎಳೆದುಕೊಂಡು ಚುಚ್ಚಿಕೊಂಡಳು. ನಾನು ಬಾಗಿಲು ಕಾದೆ. ಸೂಜಿ ಹಾಕಿಕೊಂಡರೆ ಅರ್ಧ ಗಂಟೆಯೊಳಗೆ ಉಣ್ಣಬೇಕು, ಇಲ್ಲದಿದ್ದರೆ ಶುಗರ್ ಕೆಳಗಿಳಿದು ಪ್ರಾಣಕ್ಕೇ ಬರಬಹುದು. ಅದು ನಮ್ಮಿಬ್ಬರಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು, ಬೀಗರು ಇನ್ನೂ ಮದ್ದೂರಿನಲ್ಲೇ ಇಳಿದು ವಡೆ ತಿಂದು, ಕಾಫಿ ಕುಡಿದು, ಮನೆಗೂ ಒಂದಿಷ್ಟು ಕಟ್ಟಿಸಿಕೊಳ್ಳುತ್ತಿದ್ದಾರೆ ಎನ್ನುವುದು. ನಮ್ಮ ಜನಕ್ಕೆ ಫೋನಿನಲ್ಲಿ ಎಲ್ಲಿದ್ದೇವೆ ಅನ್ನುವ ನಿಜ ಹೇಳಿ ಅಭ್ಯಾಸವೇ ಇಲ್ಲ.

ಅರ್ಧ ಗಂಟೆಯಾಯಿತು, ಮುಕ್ಕಾಲು ಗಂಟೆಯಾಯಿತು. ಒಂದು ತುತ್ತು ತಿನ್ನು ಅಂದೆ. "ಬೀಗ್ರು ಬರೋಕ್ ಮುಂಚೆ ನಾನ್ ಉಂಡ್ರೆ ಊರೋರು ಏನಂದಾರು ಟೀಚ್ರಮ್ಮ, ಬುಡಿ" ಅಂದಳು. ನನ್ನ ಬ್ಯಾಗಿನಲ್ಲಿದ್ದ ಎರಡು ಬಿಸ್ಕತ್ತು ಕೊಟ್ಟೆ. ಒಂದನ್ನು ಬಾಯಿಗೆ ಹಾಕಿಕೊಂಡಳು, ಇನ್ನೊಂದನ್ನು ಯಾವುದೋ ಮಗು ಕೇಳಿತೆಂದು ಕೊಟ್ಟುಬಿಟ್ಟಳು.

ಎರಡೂ ಕಾಲಿಗೆ ಗಾಡಿ ಬಂತು. ಮದುಮಕ್ಕಳನ್ನು ಊರ ದೇವರಿಗೆ ಕೈ ಮುಗಿಸಲು ಕರೆದುಕೊಂಡು ಹೋದರು. ಗಂಡಸರು ಕೈ ತೊಳೆದು ಸಾಲಾಗಿ ಕೂತರು, ವಡೆ ತಿಂದ ಗುರುತೇ ಇಲ್ಲದ ಹಾಗೆ ಮುದ್ದೆ ಮುರಿದರು. ಗೆಳತಿಯ ಮೇಲ್ತುಟಿಯ ಮೇಲೆ ಬೆವರು ಕಂಡಿತು. ನಾನು ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ಅರ್ಧ ಮುದ್ದೆಗೆ ಸಾರು ಹಾಕಿ ತಟ್ಟೆ ಕೊಟ್ಟೆ. ಅವಳು ತುತ್ತು ಮುರಿಯಬೇಕು, ಅಷ್ಟರಲ್ಲಿ ಬಾಗಿಲಲ್ಲಿ ಸೋದರತ್ತೆ.

"ಬೀಗ್ರು ಇನ್ನೂ ಎಲೆ ಮುಂದೆ ಕುಂತವ್ರೆ, ಇಲ್ಲಿ ಆಗ್ಲೇ ಊಟ ನಡೀತಾ ಐತಾ?"

ಗೆಳತಿ ಕೈ ಹಿಂದಕ್ಕೆ ತೆಗೆದುಕೊಂಡಳು. ನಾನು ಬಹಳ ಬುದ್ಧಿವಂತೆ ಎಂದುಕೊಂಡು, "ಅಯ್ಯೋ ಇಲ್ಲಮ್ಮ, ಇದು ನನ್ನ ತಟ್ಟೆ. ಇವಳು ಇವತ್ತು ಒಪ್ಪೊತ್ತು ಇದ್ದಾಳೆ. ಮಗಳ ಹೆಸರಲ್ಲಿ ಹರಕೆ, ಸಂಜೆವರೆಗೂ ಏನೂ ಮುಟ್ಟಲ್ಲ" ಅಂದುಬಿಟ್ಟೆ.

ಸೋದರತ್ತೆಯ ಮುಖವೇ ಬದಲಾಯಿತು. "ಮಗ್ಳಿಗೋಸ್ಕರ ಒಪ್ಪೊತ್ತಾ? ತಾಯಿ ಅಂದ್ರೆ ನೀನು ಕಣವ್ವ" ಎಂದು ಗೆಳತಿಯ ಗಲ್ಲ ಸವರಿದಳು. ಅಲ್ಲಿದ್ದ ಹೆಂಗಸರಿಗೆಲ್ಲ ಕೂಗಿ ಹೇಳಿದಳು. ಯಾರೋ ಒಬ್ಬಳು, ವ್ರತದವಳ ಕಣ್ಣೆದುರು ಬೇಡ ಎಂದು ಲಾಡಿನ ತಟ್ಟೆಯನ್ನೂ ಒಳಕೋಣೆಗೆ ಸಾಗಿಸಿದಳು. ಆಮೇಲೆ ಸೋದರತ್ತೆ ಮಣೆ ಎಳೆದುಕೊಂಡು ಅಲ್ಲೇ ಕೂತು, "ಉಣ್ಣಿ ಟೀಚ್ರಮ್ಮ, ಆರೋಯ್ತದೆ" ಅಂದಳು.

ನಾನು ಉಂಡೆ. ಇನ್ಸುಲಿನ್ ತೆಗೆದುಕೊಂಡ ಹೆಂಗಸಿನ ಎದುರು, ಅವಳಿಗೆಂದು ಹಾಕಿದ ಮುದ್ದೆಯನ್ನು, ಒಂದೊಂದೇ ತುತ್ತು ನಾನು ನುಂಗಿದೆ. ಅವಳು ನೋಡುತ್ತಾ ನಿಂತಿದ್ದಳು. ಬದುಕಿನಲ್ಲಿ ನನ್ನ ಮೇಲೆ ನನಗೆ ಅಷ್ಟು ಅಸಹ್ಯ ಹುಟ್ಟಿದ್ದು ಬೇರೆ ಯಾವಾಗಲೂ ಇಲ್ಲ.

ನಾನು ಕೈ ತೊಳೆದು ಬರುವಷ್ಟರಲ್ಲಿ ಅವಳು ಎರಡನೇ ಪಂಕ್ತಿಗೆ ಬಡಿಸಲು ಹೋಗಿದ್ದಳು. ಬ್ಲೌಸಿನ ಬೆನ್ನು ಪೂರ್ತಿ ಒದ್ದೆ. ಒಬ್ಬರ ಎಲೆಯಲ್ಲಿ ಚಾಪ್ಸಿನ ಮೇಲೆ ಮಜ್ಜಿಗೆ ಸುರಿದಳು. ಆಮೇಲೆ ಜಗ್ಗು ಹಿಡಿದುಕೊಂಡು, ಮುಂದೆ ಏನು ಮಾಡಬೇಕೆಂದು ತಿಳಿಯದವಳಂತೆ ನಿಂತುಬಿಟ್ಟಳು. ಜಗ್ಗಿನ ಮಜ್ಜಿಗೆ ಕುಣಿಯುತ್ತಿತ್ತು. "ಬೀಗಿತ್ತಿಗೂ ಒಸಿ ಏರೈತೆ ಕಣ್ಲಾ" ಎಂದು ಒಬ್ಬ ಪಕ್ಕದವನಿಗೆ ಹೇಳಿದ. ಸಾಲು ನಕ್ಕಿತು. ಅವಳು ಆ ನಗುವಿನ ಮಧ್ಯೆಯೇ ಮೆಲ್ಲಗೆ ನೆಲಕ್ಕೆ ಕೂತಳು.

ಆಗ ನಾನು ಬಾಯಿ ಬಿಟ್ಟೆ. "ಇವಳಿಗೆ ಶುಗರ್ ಇದೆ. ಸೂಜಿ ಹಾಕಿಕೊಂಡು ಎರಡು ಗಂಟೆ ಆಯ್ತು, ಹೊಟ್ಟೇಲಿ ಏನೂ ಇಲ್ಲ. ಸಕ್ಕರೆ ತನ್ನಿ" ಅಂತ ಇಡೀ ಶಾಮಿಯಾನಕ್ಕೆ ಕೇಳುವ ಹಾಗೆ ಕೂಗಿದೆ. ಎಲೆಗಳ ಮೇಲೆ ಕೈಗಳು ನಿಂತವು. ಎದ್ದವರು ಮಾತ್ರ ಯಾರೂ ಇಲ್ಲ. ಗಂಡಸರ ಜೊತೆ ಕೂತಿದ್ದ ಅವಳ ಗಂಡ, "ಅವ್ಳಿಗೆ ಆವಾಗವಾಗ ಇಂಗಾಯ್ತದೆ, ನೀವ್ ಉಣ್ಣಿ ಉಣ್ಣಿ" ಅಂದ. ಯಾರೋ ಈರುಳ್ಳಿ ಮೂಸಿಸಿ ಅಂದರು, ಯಾರೋ ಕೈಗೆ ಬೀಗದಕೈ ಕೊಡಿ ಅಂದರು. ಅಷ್ಟರಲ್ಲಿ ಹುಡುಗನ ತಾಯಿ ಒಂದು ಲೋಟ ಹಿಡಿದು ಬಂದು ನೆಲಕ್ಕೆ ಕೂತರು. ಗೆಳತಿಯ ತಲೆಯನ್ನು ತೋಳಿಗೆ ಒರಗಿಸಿಕೊಂಡು, ಮಂದವಾದ ಸಕ್ಕರೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿದರು. ನುಂಗಿದ್ದಾಳೆಯೇ ಎಂದು ಪ್ರತಿ ಗುಟುಕಿಗೂ ಗಂಟಲು ನೋಡುತ್ತಿದ್ದರು. ಇದೆಲ್ಲ ಇವರಿಗೆ ಹೇಗೆ ಗೊತ್ತು ಎಂದು ಯೋಚಿಸುವ ಸ್ಥಿತಿ ನನ್ನದಾಗಿರಲಿಲ್ಲ.

"ಒಪ್ಪೊತ್ತು ಅಂದ್ರಲ್ಲ ಟೀಚ್ರಮ್ಮ" ಎಂದು ಸೋದರತ್ತೆ ಸೊಂಟಕ್ಕೆ ಕೈಯಿಟ್ಟು ನಿಂತಳು. "ಮೋಸ ಮಾಡ್ಬುಟ್ರಿ. ರೋಗದ್ ಮನೆ ಎಣ್ಣು ಕಟ್ಬುಟ್ರಿ." ಸಾಲಿನ ಕೊನೆಯಿಂದ ಒಬ್ಬ, "ಇತ್ಲಾಗ್ ಒಸಿ ಸಾರ್ ಬರ್ಲಿ" ಎಂದು ಕೂಗಿದ. ಸಾರು ಹೋಯಿತು. ಎಲ್ಲರೂ ಮತ್ತೆ ಉಣ್ಣತೊಡಗಿದರು. ಮೂಳೆ ಚೀಪುವ ಸದ್ದು, ತೇಗುವ ಸದ್ದು, ನೆಲದ ಮೇಲೆ ಬಿದ್ದಿರುವ ಹೆಂಗಸು. ಹತ್ತು ಹದಿನೈದು ನಿಮಿಷಕ್ಕೆ ಅವಳ ಕಣ್ಣಿಗೆ ಗುರುತು ಹತ್ತಿತು. ನನ್ನ ಕಡೆ ತಿರುಗಿ ಮೊದಲು ಕೇಳಿದ್ದು, "ಎಲ್ರುದೂ ಊಟ ಆಯ್ತಾ?"

ಸಂಜೆ ಬೀಗರು ಮಗಳನ್ನು ಕರೆದುಕೊಂಡು ಹೊರಟರು. ಗಾಡಿಯ ಕಿಟಕಿಯಲ್ಲಿ ಆ ಹುಡುಗಿಯ ಮುಖ ಕಂಡಿತು. ಅವಳ ಪಕ್ಕದ ಸೀಟಿನಲ್ಲಿ ಸೋದರತ್ತೆ ಕೂತಿದ್ದಳು.

ಆಮೇಲಿನ ದಿನಗಳಲ್ಲಿ ಗೆಳತಿ ನನಗೂ ಯಲಿಯೂರಿನವಳಿಗೂ ದಿನಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದಳು. ಮಗಳನ್ನು ವಾಪಸ್ ಕಳಿಸುತ್ತಾರೆ ಎನ್ನುವುದೊಂದೇ ಭಯ. ಮಗಳು ಫೋನಿನಲ್ಲಿ ಚೆನ್ನಾಗಿದ್ದೀನಿ ಎನ್ನುವುದು ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಸೋದರತ್ತೆ ಹಟ ಹಿಡಿದು ಅವಳನ್ನು ಮಳವಳ್ಳಿಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದಳೆಂದು ಅಳಿಯನಿಂದ ತಿಳಿಯಿತು. ಏನೂ ಇಲ್ಲ ಎಂದು ಬಂತು. ಅದಕ್ಕೆ ಸೋದರತ್ತೆ ಎರಡು ದಿನ ಮುಖ ಊದಿಸಿಕೊಂಡಿದ್ದಳಂತೆ. ಕೊಂಡ ಹಸುವಿನ ಹಲ್ಲು ನೋಡುವವರೂ ಇಷ್ಟು ಕೀಳಾಗಿ ನಡೆದುಕೊಳ್ಳುವುದಿಲ್ಲ. ಯಲಿಯೂರಿನವಳು ಮಾತ್ರ ಪ್ರತಿ ಸಲವೂ, "ಮೊದ್ಲು ಉಂಡ್ಯಾ ಏಳು, ಆಮೇಕ್ ಅಳು" ಎನ್ನುತ್ತಿದ್ದಳು. ನಾನು ಸ್ಟಾಫ್ ರೂಮಿನಲ್ಲಿ ಗ್ಯಾಸ್ಟ್ರಿಕ್ ಎನ್ನುವುದನ್ನು ಬಿಟ್ಟೆ.

ಮುಂದಿನ ತಿಂಗಳು ನಾವು ಮೂವರೂ ಮೊದಲ ಸಲದ ರಕ್ತ ಕೊಟ್ಟು ಬೆಂಚಿಗೆ ಬಂದು ಕೂತಿದ್ದೆವು. ಲ್ಯಾಬಿನಿಂದ ಇಳಿದು ಬಂದ ಹೆಂಗಸೊಬ್ಬರು ನಮ್ಮನ್ನು ಕಂಡು ಮೆಟ್ಟಿಲಲ್ಲೇ ನಿಂತರು. ಮೊಣಕೈ ಮಡಿಸಿಕೊಂಡಿದ್ದರು, ಅದರೊಳಗೆ ಹತ್ತಿ. ಹುಡುಗನ ತಾಯಿ. ಬೀಗರ ಮನೆಗೆ ಹೋಗಿ ಬರುತ್ತೇನೆಂದು ಸುಳ್ಳು ಹೇಳಿ ಒಬ್ಬರೇ ಮಂಡ್ಯಕ್ಕೆ ಬಂದಿದ್ದರು.

"ನಂಗೂ ಐತೆ" ಅಂದರು. "ನಾಕ್ ವರ್ಸ ಆಯ್ತು. ಮಾತ್ರೆ ರಾಗಿ ಡಬ್ಬದಲ್ಲಿ ಮಡಗಿರ್ತೀನಿ. ಮಳವಳ್ಳಿಲಿ ತೋರ್ಸುದ್ರೆ ನಮ್ ನಾದ್ನಿ ಕಿವೀಗ್ ಬೀಳ್ತದೆ. ಇನ್ಮೇಲೆ ನಂಗೂ ಸೂಜಿನೇ ಅಂತೆ."

ನನ್ನ ಸಿಟ್ಟು ನೆತ್ತಿಗೇರಿತು. "ನಿಮ್ಮ ವಂಶದಲ್ಲಿ ಇಲ್ಲ ಅಂತ ನಿಮ್ಮ ನಾದಿನಿ ಹೇಳೋವಾಗ ಪಕ್ಕದಲ್ಲೇ ಕೂತಿದ್ರಲ್ಲ" ಅಂದೆ. "ಇವಳ ಮಗಳ ರಕ್ತ ತೆಗೆಸಿದಾಗಲಾದರೂ ಬಾಯಿ ಬಿಡಬಹುದಿತ್ತಲ್ಲ."

"ಬುಟ್ಟಿದ್ರೆ ನಾನ್ ಎಲ್ಲಿಗ್ ಓಗ್ಲಿ ಟೀಚ್ರಮ್ಮ" ಅಂದರು. ಆಮೇಲೆ ಗೆಳತಿಯ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, "ಒಂದ್ ಮಾತು ನಡ್ಸ್ಕೊಡವ್ವ. ನಿನ್ ಮಗ್ಳಿಗ್ ಮಾತ್ರ ಏಳ್ಬ್ಯಾಡ. ಸೊಸೆ ಮುಂದೆ ನಾನ್ ಎಂಗ್ ತಲೆ ಎತ್ತೋದು."

ಥೂ ಅನ್ನಿಸಿತು. ಇಷ್ಟೆಲ್ಲ ಆದ ಮೇಲೂ ಮುಚ್ಚಿಡುವ ಮಾತೇ. ಅವತ್ತು ಲೋಟ ಹಿಡಿದು ಬಂದ ಕೈ ಇದೇ ಎಂಬುದು ನೆನಪಾಗದಿದ್ದರೆ ಬಾಯಿಗೆ ಬಂದದ್ದು ಅಂದುಬಿಡುತ್ತಿದ್ದೆ. ಗೆಳತಿ ಬೆಂಚಿನ ಮೇಲೆ ಸರಿದು ಜಾಗ ಮಾಡಿದಳು. ಡಬ್ಬಿಯ ಮುಚ್ಚಳಕ್ಕೆ ಎರಡು ಇಡ್ಲಿ ಹಾಕಿ ಬೀಗಿತ್ತಿಯ ಕೈಗೆ ಕೊಟ್ಟಳು.

"ಏಳ್ತೀನಿ ಕಣಕ್ಕ" ಅಂದಳು. "ಇವತ್ತೇ ಫೋನ್ ಮಾಡಿ ಏಳ್ತೀನಿ. ನಾಳಿಂದ ನೀವೂ ಸೂಜಿ ಆಕ್ಕಂಡು, ಗಂಡುಸ್ರೆಲ್ಲಾ ಉಣ್ಲಿ ಅಂತ ಒಲೆ ಮುಂದೆ ಕಾಯ್ತಾ ಕುಂತಿರ್ತೀರಿ. ನನ್ ಮಗ್ಳು ನಿಮ್ಗೆ ಮೊದ್ಲು ಇಕ್ಲಿ."