ಒಂದೇ ಕಡೆ ಕೆಂಪಾಗುತ್ತಿದ್ದ ಸುರುಳಿ

ಸಿಗರೇಟು ಬಿಟ್ಟು ಆರು ವಾರವಾಗಿತ್ತು. ಬಿಟ್ಟೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ, ಆದರೆ ಚಳಿಗಾಲದ ಕೋಟಿನ ಒಳಜೇಬಿನಲ್ಲಿ ಒಂದೇ ಒಂದನ್ನು ಕಾಗದದಲ್ಲಿ ಸುತ್ತಿ ಇಟ್ಟುಕೊಂಡಿದ್ದೆ. ತೀರಾ ತಡೆಯಲಾಗದಿದ್ದರೆ ಇರಲಿ ಅಂತ. ಗಂಡನಿಗೆ ಗೊತ್ತಿರಲಿಲ್ಲ. ಅವನು ಆಸ್ಪತ್ರೆಯಲ್ಲಿ ದಿನವಿಡೀ ಜನರ ಕೆಮ್ಮು ಕೇಳುವ ಡಾಕ್ಟರು. ಬೈಯುವುದಿಲ್ಲ, ಸುಮ್ಮನಾಗಿಬಿಡುತ್ತಾನೆ. ನನಗೆ ಬೈಗುಳವೇ ವಾಸಿ.

ಸಿಗರೇಟಿನ ಜಾಗಕ್ಕೆ ವೇಪ್, ಅಂದರೆ ಬ್ಯಾಟರಿಯ ಇ-ಸಿಗರೇಟು, ಬಂದಿತ್ತು. ಅದರೊಳಗೆ ಎರಡು ಸ್ಕ್ರೂಗಳ ನಡುವೆ ಬಿಗಿದ, ಕಿರುಬೆರಳಿನ ಉಗುರಿನಷ್ಟು ತಂತಿಯ ಸುರುಳಿ, ಸುರುಳಿಯೊಳಗೆ ಹತ್ತಿ. ಬಟನ್ ಒತ್ತಿದರೆ ತಂತಿ ಕಾಯ್ದು, ಹತ್ತಿ ಹೀರಿಕೊಂಡ ದ್ರವ ಹಬೆಯಾಗುತ್ತದೆ. ಅಂಗಡಿಯಲ್ಲಿ ಸಿದ್ಧ ಸುರುಳಿಯೂ ಸಿಗುತ್ತದೆ. ನಾನು ಹಟಕ್ಕೆ ಬಿದ್ದು, ನಾವೇ ಸುತ್ತಿಕೊಳ್ಳುವಂಥದ್ದನ್ನು ತಂದಿದ್ದೆ. ಕೈಗೆ ಕೆಲಸವಿದ್ದರೆ ಮನಸ್ಸು ಸಿಗರೇಟಿನ ಕಡೆ ಹೋಗುವುದಿಲ್ಲ ಎಂದು ನನ್ನ ನಂಬಿಕೆ.

ಆಗ ಅತ್ತೆ ಧಾರವಾಡದಿಂದ ಲಂಡನ್ನಿನ ಅಂಚಿನ ಪಿನ್ನರಿನ ನಮ್ಮ ಫ್ಲಾಟಿಗೆ ಬಂದಿದ್ದರು. ಇದು ಆಫೀಸಿನ ಸಾಮಾನು ಎಂದು ಅವರಿಗೆ ಹೇಳಿದ್ದೆ. ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಹೊಟ್ಟೆಪಾಡು, ನಂಬಿಯಾರು ಎಂದುಕೊಂಡಿದ್ದೆ.

ಆ ಶನಿವಾರ ಗಂಡ ಡ್ಯೂಟಿಗೆ ಹೋಗಿದ್ದ. ಬೆಳಗಿನಿಂದ ಸುರುಳಿ ಕೈಕೊಟ್ಟಿತ್ತು. ಎಡಗಡೆ ಕೆಂಡ, ಬಲಗಡೆ ಕಪ್ಪು. ಎಡಬದಿಯ ಹತ್ತಿ ಸೀದು, ಒಂದು ಎಳೆತಕ್ಕೇ ಗಂಟಲು ಉರಿಯುತ್ತಿತ್ತು. ಪವರ್ ಇಳಿಸಿದೆ, ಏರಿಸಿದೆ. ತಂತಿ ಬದಲಿಸಿ ಹೊಸದಾಗಿ ಎರಡು ಸಲ ಸುತ್ತಿದೆ. ಎರಡೂ ಸಲ ಅದೇ ಎಡಗಡೆ. ಊರವರ ತಪ್ಪನ್ನೆಲ್ಲ ಹುಡುಕಿ ಕೊಡುವವಳಿಗೆ ಆರು ಸುತ್ತಿನ ತಂತಿಯ ತಪ್ಪು ಕಾಣಲಿಲ್ಲ. ತಲೆ ಕೆಟ್ಟುಹೋಯಿತು. ಸಾಕು ಎಂದು ಎದ್ದು ಬಾಗಿಲ ಹಿಂದೆ ನೇತುಹಾಕಿದ್ದ ಕೋಟಿನ ಕಡೆ ನಡೆದೆ.

"ಎಲ್ಲಿಗೆ ಹೊಂಟೀ?" ಎಂದರು ಅತ್ತೆ, ಅಡುಗೆಮನೆಯಿಂದ ಬರುತ್ತ.

"ಇಲ್ಲೇ ಅತ್ತೆ, ಹಾಲು ತರೋಣ ಅಂತ."

"ಹಾಲು ಅದ. ಕೂಡು. ಏನೋ ಸುಟ್ಟ ವಾಸನಿ ಬರಲಿಕ್ಕತ್ತದ, ತೋರಸು."

ಕನ್ನಡಕ ಏರಿಸಿಕೊಂಡು, ನನ್ನಿಂದ ಬಟನ್ ಒತ್ತಿಸಿ ನೋಡಿದರು. "ನಮ್ಮ ಕರೆಂಟಿನ ಕಾಯಿಲ್ ಒಲಿನೂ ಹಿಂಗ ಮಾಡ್ತಿತ್ತು. ಸುತ್ತು ಒತ್ತೊತ್ತಾಗಿ ಇದ್ದಲ್ಲಿ ಕೆಂಪಾಗತದ, ಎಳದಲ್ಲಿ ಆಗಂಗಿಲ್ಲ. ಈ ಕಡೆ ನೋಡು, ಹೆಂಗ ಬಾಯಿ ಬಿಟ್ಟದ."

ಹೌದು, ಬಲಗಡೆಯ ಸುತ್ತುಗಳ ನಡುವೆ ಸಂದು ಬಿಟ್ಟಿತ್ತು.

"ಸುತ್ತುವಾಗ ಸರಿಯಾಗೇ ಇತ್ತಲ್ಲ ಅತ್ತೆ."

"ಸುತ್ತಿದ್ದು ಸರೀನ ಅದ. ಸ್ಕ್ರೂ ಬಿಗಿ ಮಾಡೋವಾಗ ತಂತಿ ಅದರ ಜೋಡಿ ಎಳಕೊಂಡು ಹೋಗತದ. ಒಬ್ಬರ ಕೈಲೆ ಆಗೋ ಕೆಲಸ ಅಲ್ಲ ಇದು. ಮನ್ಯಾಗ ನಾ ಹಿಡೀತಿದ್ದೆ, ನಿಮ್ಮ ಮಾವ ತಿರುವತಿದ್ರು."

ಮೂರನೇ ಸಲ ಸುತ್ತಿದೆ. ಅತ್ತೆ ಚಿಮುಟದಲ್ಲಿ ತಂತಿ ಹಿಡಿದರು, ನಾನು ಸ್ಕ್ರೂ ತಿರುಗಿಸಿದೆ. ಎಪ್ಪತ್ತು ದಾಟಿದ ಆ ಕೈ ಒಂದಿಷ್ಟೂ ಅಲುಗಲಿಲ್ಲ. ಬಟನ್ ಒತ್ತಿದೆ. ಕೆಂಪು ನಟ್ಟನಡುವೆ ಹುಟ್ಟಿ ಎರಡೂ ತುದಿಗೆ ಒಟ್ಟಿಗೇ ಹರಡಿತು. ಖುಷಿಗೆ ನಕ್ಕುಬಿಟ್ಟೆ. ಆಮೇಲೆ, ಇನ್ನು ಇವರೆದುರು ಹತ್ತಿ ಹಾಕಿ ಎಳೆಯುವುದು ಹೇಗೆ ಎಂದು ಕೈಕಟ್ಟಿ ಕೂತೆ.

"ಹತ್ತಿ ಹಾಕು. ಇನ್ನೂ ಆಫೀಸಿಂದು ಅನಬ್ಯಾಡ," ಎಂದು ಅತ್ತೆ ಸ್ವೆಟರಿನ ಜೇಬಿನಿಂದ ಕಾಗದದ ಸಣ್ಣ ಸುರುಳಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ನನ್ನ ಸಿಗರೇಟು.

ನಾಚಿಕೆಗೆ ಕಿವಿಯೆಲ್ಲ ಬಿಸಿಯಾಯಿತು.

"ನಿನ್ನ ಕೋಟಿಗೆ ಗುಂಡಿ ಹಚ್ಚೋವಾಗ ಸಿಕ್ಕಿತ್ತು. ಎಂಟು ದಿನ ಆತು. ಇವತ್ತಿನ ತನಕ ಒಮ್ಮೆನೂ ನೀ ಹುಡುಕಲಿಲ್ಲ."

ಎಂಟು ದಿನ ಆ ಜೇಬು ಖಾಲಿಯಿತ್ತು. ನನಗೆ ಗೊತ್ತೇ ಇರಲಿಲ್ಲ. ಕಣ್ಣು ತುಂಬಿ ಬಂತು.

"ನೀವೇ ಎಸೆದುಬಿಡಬಹುದಿತ್ತಲ್ಲ ಅತ್ತೆ."

"ನಾ ಒಗದಿದ್ರ ನೀ ಇನ್ನೊಂದು ತರ್ತಿದ್ದಿ. ನೀನ ಒಗಿ."

ಎದ್ದು ಹೋಗಿ ಕಸದ ಡಬ್ಬಿಯ ಮುಚ್ಚಳ ಎತ್ತಿ ಹಿಡಿದರು. ನಾನು ಎಸೆದೆ.